ಬೋಂಗ್‌ಚೀ ಅತ್ತೆ ತಿರುಗಿ ಹೋದದ್ದು

ನನ್ನ ಸೋದರತ್ತೆಯ ಹೆಸರು ಬೋಂಗ್‌ಚೀ. ಹಾಗೆಂದರೆ ‘ಹುಟ್ಟಿದ್ದಾಯಿತಲ್ಲ, ಹೇಗೋ ಸಾಕೋಣ’ ಎಂದು. ಗಂಡುಮಗುವಿಗೆ ಬಾಯಿಬಿಟ್ಟುಕೊಂಡು ಕೂತಿದ್ದ ನಮ್ಮಜ್ಜ ಇಟ್ಟ ಹೆಸರು, ಅವನ ಬುದ್ಧಿಗಿಷ್ಟು! ಅದೇ ಹೆಸರಿನಲ್ಲಿ ಅವಳು ಜಿಯೂಫೆನ್ ಬೆಟ್ಟದ ಚಿನ್ನದ ಗಣಿಯಲ್ಲಿ ಕಲ್ಲು ಹೊತ್ತಳು, ಗಣಿ ಮುಚ್ಚಿದ ಮೇಲೆ ಸೊಪ್ಪು ಅರೆದು ಹಸಿರು ಕಡುಬು ಮಾಡಿ ಮಾರಿದಳು, ಗಂಡನನ್ನು ಕಳೆದುಕೊಂಡಳು. ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ.

ತಮ್ಮನ ಜೊತೆ, ಅಂದರೆ ನನ್ನಪ್ಪನ ಜೊತೆ, ಅವಳು ಮಾತು ಬಿಟ್ಟದ್ದು ಅಜ್ಜಿ ಸತ್ತಾಗ. ಅಜ್ಜಿಗೆ ಔಷಧಿ ತರಲೆಂದು ಬೆಟ್ಟದ ಕೆಳಗಿನ ಕೀಲುಂಗ್ ಪೇಟೆಗೆ ಇಳಿದವಳು ಚಂಡಮಾರುತಕ್ಕೆ ಸಿಕ್ಕಿಬಿದ್ದಳು. ರಸ್ತೆ ಕುಸಿದಿತ್ತು. ನಡೆದೇ ಬೆಟ್ಟ ಹತ್ತಿ ಬರುವಷ್ಟರಲ್ಲಿ, ಪುರೋಹಿತರು ಹೇಳಿದ ಗಳಿಗೆ ಮೀರುತ್ತದೆಂದು ಅಪ್ಪ ಶವಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಸಿಬಿಟ್ಟಿದ್ದ. ಹೆತ್ತವಳ ಮುಖ ಅವಳಿಗೆ ಸಿಗಲಿಲ್ಲ. “ಇನ್ನು ಈ ಹೊಸ್ತಿಲು ತುಳಿದ್ರೆ ಕೇಳು” ಎಂದು ಹೋದವಳು, ಅದೇ ಊರಿನ ಸಂತೆಬೀದಿಯಲ್ಲಿದ್ದರೂ ಮೆಟ್ಟಿಲು ಹತ್ತಿ ತವರಿನ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪ ಮನೆಗೆ ಬೀಗ ಹಾಕಿ ತೈಪೆ ಸೇರಿದ.

ಈ ಶನಿವಾರ ನಾನೇ ಹಟ ಹಿಡಿದು ಅಪ್ಪನನ್ನು ಬಸ್ಸಿಗೆ ಹತ್ತಿಸಿದೆ. ಅತ್ತೆಗೆ ಮೊದಲೇ ಫೋನ್ ಮಾಡಿ, “ಅಪ್ಪನ್ನ ಕರ್ಕೊಂಡು ಬರ್ತಿದೀನಿ” ಎಂದಿದ್ದೆ. “ಹೂಂ” ಎಂದು ಇಟ್ಟುಬಿಟ್ಟಿದ್ದಳು. ಆ ‘ಹೂಂ’ ಯಾವ ಬಗೆಯದೋ ನನಗೆ ತಿಳಿಯಲಿಲ್ಲ.

“ಎರಡು ದಿನ ಊರು ಸುತ್ತೋಕೆ ಅಂತ ನಂಬಿಸಿ ಬಲಿಗೆ ಕರ್ಕೊಂಡು ಹೋಗ್ತಿದೀಯಲ್ಲೇ,” ಎಂದ ಅಪ್ಪ.

“ಬಾಯ್ಮುಚ್ಕೊಂಡು ಮೆಟ್ಟಿಲು ಹತ್ತಪ್ಪ.”

ಕೆಂಪು ಕಾಗದದ ದೀಪಗಳ ಕೆಳಗೆ ಜನವೋ ಜನ. ಫೋಟೋ ಹಿಡಿಯುವವರ ಕೊಡೆಗಳು ಕಣ್ಣಿಗೆ ಚುಚ್ಚುವಂತಿದ್ದವು. ಅತ್ತೆಯ ಅಂಗಡಿಯ ಬಾಗಿಲು ಎಳೆದಿತ್ತು. ಶನಿವಾರ ವ್ಯಾಪಾರ ಬಿಡುವ ಹೆಂಗಸಲ್ಲ ಅವಳು. ಪಕ್ಕದ ಬಾಗಿಲಿಗೆ ಹೊಸದಾಗಿ ಅಂಟಿಸಿದ ಸಣ್ಣ ಕೆಂಪು ಕಾಗದ. ನೆರೆಯಲ್ಲಿ ಸಾವಾದರೆ ಸೂತಕ ತಾಗದಿರಲೆಂದು ಅಂಟಿಸುವುದು ಅದನ್ನು.

ಆ ಬಾಗಿಲಿನಿಂದ ಚಹಾ ಮಾರುವ ಆ-ಸುನ್ ಅಜ್ಜಿ ತಲೆ ಹಾಕಿದಳು. “ಬೋಂಗ್‌ಚೀನಾ? ಬೆಳಿಗ್ಗೆನೇ ತಿರುಗಿ ಹೋದ್ಳಲ್ಲ!” ಎಂದವಳು ಗಿರಾಕಿ ಕರೆದರೆಂದು ಒಳಗೆ ಓಡಿದಳು.

ನಮ್ಮ ಕಡೆ ಮನೆಗೆ ಹೊರಟವರಿಗೂ ‘ತಿರುಗಿ ಹೋದರು’ ಎಂದೇ ಮಾತು, ಉಸಿರು ನಿಂತವರಿಗೂ ಅದೇ ಮಾತು.

ಅಪ್ಪ ಕಲ್ಲುಮೆಟ್ಟಿಲ ಮೇಲೆ ಕುಸಿದು ಕೂತ. ಯಾರೋ ಹುಡುಗಿ, “ತಾತ, ಸ್ವಲ್ಪ ಸರೀರಿ, ಫೋಟೋಗೆ ಅಡ್ಡ ಆಗ್ತಿದೀರ,” ಎಂದಳು. ಅವಳನ್ನು ಅಲ್ಲೇ ತಳ್ಳಿಬಿಡಬೇಕೆನ್ನಿಸಿತು ನನಗೆ.

“ಅವಳಿಗೆ ಅಮ್ಮನ ಮುಖ ಸಿಗದ ಹಾಗೆ ಮಾಡ್ದೆ,” ಎಂದ ಅಪ್ಪ. “ಈಗ ನಂಗೆ ಅವಳ ಮುಖ ಸಿಗ್ಲಿಲ್ಲ. ಸರಿಯಾಯ್ತು ಬಿಡು.” ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸಂಕಟವಾಯಿತು, ಒಂದು ವಾರ ಮೊದಲೇ ಎಳೆದು ತರಲಿಲ್ಲವಲ್ಲ ಎಂದು ನನ್ನ ಮೇಲೇ ರೋಷ ಬಂತು.

ಆ-ಸುನ್ ಅಜ್ಜಿ ಚಹಾ ಹಿಡಿದು ಮತ್ತೆ ಬಂದಾಗ ನಾನು, “ಹೇಗೆ ಹೋದ್ಳು ಅಜ್ಜಿ? ಎಲ್ಲಿಟ್ಟಿದಾರೆ?” ಎಂದೆ.

“ಎಲ್ಲಿಡೋದು? ಕಾಲ್ನಡಿಗೇಲಿ ಹೋದ್ಳು, ಪೊರಕೆ ಹಿಡ್ಕೊಂಡು!” ಕೆಂಪು ಕಾಗದದ ಕಡೆ ನಾನು ನೋಡಿದ್ದು ಕಂಡು ಅವಳು ಹಣೆ ಚಚ್ಚಿಕೊಂಡಳು. “ಥೂ, ಬಿಡ್ತು ಅನ್ನೇ! ಅದು ಮೂಲೆಮನೆ ಮುದುಕಂಗೆ. ಬೋಂಗ್‌ಚೀ ತಿರುಗಿ ಹೋಗಿದ್ದು ತವರಿಗೆ. ಅಲ್ಲಿ, ಮೇಲೆ!”

ಅಪ್ಪ ಚಹಾ ಮುಟ್ಟಲಿಲ್ಲ. ಮಂಡಿನೋವೆಂದು ದಾರಿಯುದ್ದಕ್ಕೂ ಗೋಳಾಡಿದ ಮನುಷ್ಯ ನನ್ನನ್ನು ಹಿಂದೆ ಬಿಟ್ಟು ಮೆಟ್ಟಿಲು ಹತ್ತಿದ. ಮನೆ ಕಾಣಿಸಿದ್ದೇ ನಿಂತುಬಿಟ್ಟ. ಬಾಗಿಲು ತೆರೆದಿತ್ತು. ಬೀಗ ಒಡೆದು ಹೊಸ್ತಿಲ ಪಕ್ಕ ಬಿದ್ದಿತ್ತು.

“ಬೈದು ಅಟ್ಟಿಬಿಟ್ರೆ?” ಎಂದ ಅಪ್ಪ.

“ಬೈಸ್ಕೋ. ನಿಂಗೇನು ಕಮ್ಮಿಯಾಗತ್ತೆ?”

ಅಂಗಳ ಗುಡಿಸಿತ್ತು. ಒಳಗೆ ಅಜ್ಜಿಯ ಹಳೆಯ ಒಲೆ ಉರಿಯುತ್ತಿತ್ತು. ಒಲೆಯ ಮೇಲೆ ನೀರಿನ ಪಾತ್ರೆ, ಅದರ ಮೇಲೆ ಬಿದಿರಿನ ತಟ್ಟೆಯಲ್ಲಿ ಹಸಿರು ಕಡುಬು. ಹಬೆಯೆಲ್ಲ ಸೂರಿಗೆ ಏರಿ ಹೋಗುತ್ತಿತ್ತು, ಕಡುಬು ಬೆಂದಿರಲಿಲ್ಲ. ಪಕ್ಕದಲ್ಲಿ ಅತ್ತೆ ಮಣೆಯ ಮೇಲೆ ಕೂತಿದ್ದಳು, ಮುಚ್ಚಳ ಅವಳ ತೊಡೆಯ ಮೇಲಿತ್ತು.

ಅಪ್ಪ ಹೊಸ್ತಿಲಾಚೆ ನಿಂತು, “ಅಕ್ಕಾ,” ಎಂದ.

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಎಷ್ಟೊತ್ತೋ? ನೀರು ಆಗ್ಲೇ ಕುದೀತಿದೆ. ನೀನು ಬರೋವರೆಗೂ ಮುಚ್ಚಳ ಮುಚ್ಚಲ್ಲ ಅಂತ ಕೂತಿದೀನಿ,” ಎಂದಳು. “ನಿನ್ನ ಥರ ಅಲ್ಲ ನಾನು.”

ಅಪ್ಪ ಒಳಗೆ ಬಂದು ಅವಳ ಕಾಲ ಬಳಿ ಕೂತ. ಅತ್ತೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಮುಚ್ಚಳವನ್ನು ಅವನ ಕೈಗಿಟ್ಟಳು.

“ಈಗ ಮುಚ್ಚು,” ಎಂದಳು.