ಮೂರನೆಯವಳಿಗೆ ಕೇಳಿದ ಕರೆ

ನಾನು ಸಿಟಿ ಬಸ್ಸಿನ ಕಂಡಕ್ಟರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಾಗಿದ್ದರೂ ಹಂಪನಕಟ್ಟೆಯ ಹತ್ತಿರದ ಒಂದು ಹೈಸ್ಕೂಲಿನ ಹುಡುಗಿಯರಿಗೆ ರಿಲೇ ಕಲಿಸುವುದು ನಾನೇ. ಬೆಳಗಿನ ಮೊದಲ ಟ್ರಿಪ್ಪನ್ನು ಇನ್ನೊಬ್ಬನಿಗೆ ಒಪ್ಪಿಸಿ ಮೈದಾನಕ್ಕೆ ಹೋಗುತ್ತೇನೆ. ನಾನು ಕಲಿಸಿದ ತಂಡ ಬ್ಯಾಟನ್ ಬೀಳಿಸುವುದಿಲ್ಲ ಎಂಬ ಮಾತು ಜಿಲ್ಲೆಯ ಮೈದಾನಗಳಲ್ಲಿದೆ. ಆ ಮಾತನ್ನು ದುಡಿದು ಗಳಿಸಿದ್ದೇನೆ.

ಚಲಿಸುವ ಬಸ್ಸಿಗೆ ಹತ್ತಿ ಅಭ್ಯಾಸವಿದ್ದವನಿಗೆ ರಿಲೇ ಅರ್ಥವಾಗುವುದು ಕಷ್ಟವಲ್ಲ. ಬಸ್ಸು ಪಕ್ಕಕ್ಕೆ ಬರುವ ಮೊದಲೇ ಓಡಲು ತೊಡಗಬೇಕು. ಎರಡರ ವೇಗ ಒಂದಾದಾಗ ಕಂಬಿ ತಾನಾಗಿ ಕೈಗೆ ಸಿಗುತ್ತದೆ. ರಿಲೇಯಲ್ಲಿ ಬ್ಯಾಟನ್ ತರುವವಳು ಸುಣ್ಣದ ಗುರುತು ದಾಟುವವರೆಗೆ ಮಾತ್ರ ಅದನ್ನು ಪಡೆಯುವವಳು ಹಿಂದೆ ನೋಡಬಹುದು. ಆಮೇಲೆ ಮುಖ ಮುಂದೆ ಮಾಡಿ ಓಟ ಶುರು. ಹಿಂದಿನಿಂದ ಕರೆ ಕೇಳಿದಾಗ ಓಡುತ್ತಲೇ ಕೈ ಹಿಂದಕ್ಕೆ ಚಾಚಬೇಕು. ಎಲ್ಲ ತಂಡದವರೂ ಒಟ್ಟಿಗೆ ಕೂಗುವುದರಿಂದ ನಮ್ಮಲ್ಲಿ ಪ್ರತಿ ಜೋಡಿಗೂ ಬೇರೆ ಕರೆ. ಎರಡನೆಯವಳು ಮೂರನೆಯವಳಿಗೆ ಕೊಡುವಾಗ ‘ಇಂದಾ’ ಎನ್ನುತ್ತಿದ್ದಳು. ಕೈಗೆ ಏನಾದರೂ ಕೊಡುವಾಗ ನಾವು ತುಳುವಿನಲ್ಲಿ ಹೇಳುವ ಮಾತು ಅದು.

ಎರಡನೆಯವಳ ಮನೆ ಕಾವೂರಿನಲ್ಲಿ. ಮೂರನೆಯವಳು ಬೋಳಾರದ ಕ್ರಿಶ್ಚಿಯನ್ ಹುಡುಗಿ, ಮನೆಮಾತು ಕೊಂಕಣಿ. ಗೆಳತಿಯ ಜೊತೆ ಓಡಿ ಓಡಿ ತುಳು ಕಲಿತವಳು. ಈ ಮಳೆಗಾಲದ ಶುರುವಿನಲ್ಲಿ ಕಾವೂರಿನವಳು ಡೆಂಗ್ಯೂ ಬಂದು ತೀರಿಕೊಂಡಳು.

ಅವಳ ಜಾಗಕ್ಕೆ ಬಂದ ಹುಡುಗಿ ಎತ್ತರದವಳು, ಆದರೆ ಅಷ್ಟು ವೇಗ ಇಲ್ಲ. ಸುಣ್ಣದ ಗುರುತನ್ನು ಹತ್ತಿರಕ್ಕೆ ತಂದೆ. ಕರೆಯನ್ನೂ ಬದಲಿಸಿ ಬರೇ ‘ಹಾ’ ಎಂದಿಟ್ಟೆ. ಮೊದಲ ದಿನದ ಅಭ್ಯಾಸದಲ್ಲೇ ಮೂರನೆಯವಳ ಕೈ ಬೇಗ ಹಿಂದಕ್ಕೆ ಹೋಯಿತು. ಬ್ಯಾಟನ್ ತಲುಪಲಿಲ್ಲ. ಮತ್ತೆ ಓಡಿಸಿದೆ, ಮತ್ತೆ ಅದೇ. ನಾಲ್ಕನೆಯವಳು ದೂರದಿಂದ, “ಬಸ್ಸು ಬರುವ ಮೊದಲೇ ಟಿಕೆಟ್ ಕೇಳ್ತಾಳೆ ಸರ್ ಇವಳು,” ಎಂದು ನನ್ನನ್ನೂ ಸೇರಿಸಿ ಕೀಟಲೆ ಮಾಡಿದಳು.

ಯಾಕೆ ಇಷ್ಟು ಬೇಗ ಕೈ ಚಾಚಿದೆ ಎಂದು ಮೂರನೆಯವಳನ್ನು ಗದರಿದೆ.

“ಕರೆದಳಲ್ಲ ಸರ್.”

“ನಾನು ಕರಿಲೇ ಇಲ್ಲ,” ಎಂದಳು ಹೊಸ ಹುಡುಗಿ, ಏದುಸಿರು ಬಿಡುತ್ತ. “ಕರಿಲಿಕ್ಕೆ ಉಸಿರೇ ಇರ್ಲಿಲ್ಲ ನಂಗೆ.”

“ನೀನಲ್ಲ,” ಎಂದಳು ಮೂರನೆಯವಳು.

ನಾನು ಅವಳ ಕೈ ಚಾಚಿದ ಜಾಗಕ್ಕೆ ಹೋಗಿ ನಿಂತೆ. ಕಾವೂರಿನವಳು ಬದುಕಿದ್ದು ಓಡಿ ಬಂದಿದ್ದರೆ ಅವಳ ವೇಗಕ್ಕೆ ಬ್ಯಾಟನ್ ಸಿಗಬೇಕಾದ ಜಾಗ ಸರಿಯಾಗಿ ಅದೇ.

ದಿನವೂ ಹೀಗೇ ಆಯಿತು. ಇನ್ನೊಮ್ಮೆ ತಪ್ಪಿದರೆ ಮೂರನೆಯವಳನ್ನು ತೆಗೆದು ಬೇರೆಯವಳನ್ನು ಹಾಕುತ್ತೇನೆ ಎಂದು ಶಾಲೆಯ ಪಿ.ಟಿ. ಮಾಸ್ಟ್ರು ಹೇಳಿಬಿಟ್ಟರು. ಜಿಲ್ಲಾ ಕೂಟಕ್ಕೆ ಕ್ರೀಡಾ ಹಾಸ್ಟೆಲಿನವರು ಹುಡುಗಿಯರನ್ನು ಆರಿಸಲು ಬರುವವರಿದ್ದರು. ಆರಿಸಿದರೆ ಓಡು, ಇಲ್ಲದಿದ್ದರೆ ಓಟ ಬಿಟ್ಟು ನರ್ಸಿಂಗಿನ ದಾರಿ ನೋಡು ಎಂದು ಅವಳ ಮನೆಯಲ್ಲಿ ತೀರ್ಮಾನವಾಗಿತ್ತು. ಅವಳಿಗೆ ಇದ್ದದ್ದು ಆ ಒಂದೇ ಕೂಟ.

ಅದು ತುಳುವರ ಆಟಿ ತಿಂಗಳು, ಆಷಾಢದ ಹೊತ್ತು. ತೀರಿಹೋದವರಿಗೆ ಎಡೆ ಬಡಿಸುವ ದಿನ ಕಾವೂರಿನ ಮನೆಯಿಂದ ನನಗೂ ಊಟಕ್ಕೆ ಹೇಳಿಕೆ ಬಂದಿತ್ತು. ಬಾಳೆಲೆಯಲ್ಲಿ ಬಡಿಸಿ, ತೀರಿದವರು ಬಂದು ಉಣ್ಣಲಿ ಎಂದು ಬಾಗಿಲೆಳೆದು, ನಾವೆಲ್ಲ ಹೊರಗೆ ನಿಂತೆವು. ಸ್ವಲ್ಪ ಹೊತ್ತು ಬಿಟ್ಟು ಹುಡುಗಿಯ ಅಜ್ಜಿ ಬಾಗಿಲು ತಟ್ಟಿ ತೆರೆದರು. ಊಟವಾದ ಮೇಲೆ ಅವರ ಹತ್ತಿರ ಮೈದಾನದ ಸಂಗತಿ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನಮ್ಮ ಹುಡುಗಿಗೆ ಅದನ್ನು ಕೊಡ್ಲಿಕ್ಕೆ ಬಾಕಿ ಉಂಟು ಮಗಾ. ಒಮ್ಮೆ ಕೊಡ್ಲಿಕ್ಕೆ ಬಿಡಿ. ನೋಡ್ತಾ ನಿಂತ್ರೆ ತೀರಿದವರು ಮುಟ್ಟುದಿಲ್ಲ.”

ಮರುದಿನ ಬೆಳಿಗ್ಗೆ ಸುಣ್ಣದ ಗುರುತನ್ನು ಹಳೆಯ ಜಾಗದಲ್ಲಿ ಹಾಕಿದೆ. ಎರಡನೆಯವಳು ನಿಲ್ಲುವಲ್ಲಿ ಬ್ಯಾಟನ್ ಇಟ್ಟೆ. ಉಳಿದ ಹುಡುಗಿಯರನ್ನು ಮೈದಾನದ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ ನಾನೂ ಹಾಗೇ ನಿಂತೆ. ಇದೆಲ್ಲ ನಿಮ್ಮ ಧರ್ಮದಲ್ಲಿ ಆಗುತ್ತದೋ ಎಂದು ಮೂರನೆಯವಳನ್ನು ಮೊದಲೇ ಕೇಳಿದ್ದೆ. ಅವಳು ಶಿಲುಬೆಯ ಗುರುತು ಮಾಡಿಕೊಂಡು ತನ್ನ ಜಾಗಕ್ಕೆ ಹೋಗಿದ್ದಳು.

ಮೊದಲು ಕಾಗೆಗಳ ಸದ್ದು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಒದ್ದೆ ನೆಲದ ಮೇಲೆ ಓಟದ ಸದ್ದು ಎರಡನೆಯವಳು ನಿಲ್ಲುವ ತಿರುವಿನಿಂದ ಬಂತು. ಮೂರನೆಯವಳು ಇದ್ದದ್ದು ತಿರುವಿನಲ್ಲಲ್ಲ, ಅದರ ಈಚೆಗೆ. ಆಮೇಲೆ ಅವಳ ಹೆಜ್ಜೆಯೂ ಸೇರಿತು. ಎರಡು ಸದ್ದು ಒಂದಾಯಿತು, ಒಂದೇ ಮುಂದಕ್ಕೆ ಹೋಯಿತು.

ತಿರುಗಿದಾಗ ಬ್ಯಾಟನ್ ಇಟ್ಟಲ್ಲೇ ಇತ್ತು. ಅವಳು ಮುಷ್ಟಿ ಬಿಗಿಹಿಡಿದು ಓಟ ಪೂರ್ತಿ ಮುಗಿಸಿ ಬಂದಳು.

“ಸಿಕ್ಕಿತು ಸರ್,” ಎಂದಳು. ಮುಷ್ಟಿ ಬಿಚ್ಚಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಹೊಸ ಹುಡುಗಿಗಾಗಿ ಗುರುತನ್ನು ಮತ್ತೆ ಹತ್ತಿರಕ್ಕೆ ತಂದೆ. ಅಂದಿನಿಂದ ಮೂರನೆಯವಳ ಕೈ ತಪ್ಪಲಿಲ್ಲ. ಜಿಲ್ಲಾ ಕೂಟದ ದಿನ ನಾನು ಅವರಿಬ್ಬರು ಬ್ಯಾಟನ್ ಬದಲಾಯಿಸುವ ಜಾಗದ ಎದುರಿಗೇ, ಹಗ್ಗದ ಈಚೆ ನಿಂತಿದ್ದೆ. ಹೊಸ ಹುಡುಗಿ ‘ಹಾ’ ಎಂದಳು, ಇವಳ ಕೈ ಬಂತು, ಬ್ಯಾಟನ್ ಹೋಯಿತು. ಎರಡನೆಯ ಸ್ಥಾನಕ್ಕೆ ಬಂದೆವು. ಹಾಸ್ಟೆಲಿನವರು ಮೂರನೆಯವಳ ಹೆಸರು ಬರೆದುಕೊಂಡರು.

ಖುಷಿಪಡಬೇಕಾದವಳು ನನ್ನ ಹತ್ತಿರ ಬಂದು ಅತ್ತಳು. “ಇವತ್ತು ಕರಿಲೇ ಇಲ್ಲ ಸರ್ ಅವಳು. ಇನ್ನು ಬರುದಿಲ್ಲ ಅಲ್ವಾ?”

ನನಗೆ ಗೊತ್ತಿಲ್ಲ ಎಂದೆ.

ಬ್ಯಾಟನ್ ಕೊಟ್ಟವಳು ಕೂಡಲೇ ಲೇನ್ ಬಿಟ್ಟು ಹೊರಗೆ ಬರಬಾರದು. ಉಳಿದವರು ದಾಟುವವರೆಗೆ ತನ್ನ ಗೆರೆಗಳ ನಡುವೆಯೇ ವೇಗ ಇಳಿಸಬೇಕು. ಆವತ್ತಿನ ಓಟದಲ್ಲಿ ಬ್ಯಾಟನ್ ಕೊಟ್ಟ ಮೇಲೆ ಹೊಸ ಹುಡುಗಿ ಹಾಗೆಯೇ ಮಾಡಿ, ನಿಂತು, ಮೊಣಕಾಲಿಗೆ ಕೈಕೊಟ್ಟು ಬಗ್ಗಿದ್ದಳು. ಬೇರೆ ತಂಡಗಳೆಲ್ಲ ಹೋಗಿಯಾಗಿತ್ತು. ನಮ್ಮ ಲೇನಿನಲ್ಲಿ ಅವಳನ್ನು ದಾಟಿ, ಯಾರೂ ಕಾಣದಿದ್ದರೂ, ಇನ್ನೊಂದು ಹೆಜ್ಜೆಯ ಸದ್ದು, ಓಟದಿಂದ ನಡಿಗೆಗೆ ಇಳಿಯುತ್ತ, ನಿಧಾನವಾಗಿ ಮುಂದೆ ಹೋಗುತ್ತಿತ್ತು.