ಬಾಸಿಲಿಯಾಳ ನಾಲ್ಕು ವಾಲ್ವು

ಲಾ ಪಾಸ್ ಪಟ್ಟಣದ ನೆತ್ತಿಯ ಮೇಲೆ ಕೂತಿರುವ ಎಲ್ ಆಲ್ತೋದಲ್ಲಿ ರೇಡಿಯೋ ಕೆಟ್ಟರೆ, ಮಿಕ್ಸಿ ಸುಟ್ಟರೆ, ಮದುವೆಯ ನಡುವೆ ಸ್ಪೀಕರು ಕೈಕೊಟ್ಟರೆ ಜನ ಇಲಾರಿಯೋ ಚುಕಿಮಿಯಾನ ಅಂಗಡಿಗೆ ಬರುತ್ತಾರೆ. ಬೋರ್ಡಿನ ಮೇಲೆ ಅವನ ಹೆಸರು, ಕಟ್ಟೆಯ ಹಿಂದೆ ಅವನ ಹ್ಯಾಟು, ಹ್ಯಾಟಿನ ಹಿಂದೆ ಒಂದು ನೀಲಿ ಪರದೆ. ಆ ಪರದೆಯ ಹಿಂದೆ ಕೂತು ಮುಕ್ಕಾಲು ಪಾಲು ಕೆಲಸ ಮಾಡುತ್ತಿದ್ದವಳು ಅವನ ಮಗಳು ಬಾಸಿಲಿಯಾ ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದು ನಮ್ಮ ಬೀದಿಯವರಿಗೆ ಹುಟ್ಟಿನಿಂದಲೇ ಬಂದ ವಿದ್ಯೆ.

ಬಾಸಿಲಿಯಾ ಇದಕ್ಕೆ ಒಗ್ಗಿಹೋಗಿದ್ದಳು. ನೆರಿಗೆಯ ಲಂಗ, ಎರಡು ಜಡೆ, ತಲೆಯ ಮೇಲೊಂದು ಗುಂಡು ಹ್ಯಾಟು ಇಟ್ಟುಕೊಂಡ ಹೆಂಗಸು ಬೆಸುಗೆ ಕಡ್ಡಿ ಹಿಡಿದು ಎದುರಿಗೆ ಬಂದರೆ ಗಿರಾಕಿಗಳು ತಮ್ಮ ರೇಡಿಯೋವನ್ನು ಎದೆಗವಚಿಕೊಂಡು "ಮೇಸ್ತ್ರಿ ಇಲ್ವಾ?" ಎನ್ನುತ್ತಿದ್ದರು. "ಒಳಗಿದಾರೆ" ಎಂದು ಹೇಳಿ ಅವಳೇ ಒಳಗೆ ಹೋಗಿ ಸರಿಮಾಡುತ್ತಿದ್ದಳು. ಸರಿಯಾದದ್ದನ್ನು ಅಪ್ಪ ಹೊರಗೆ ತಂದು ಕಟ್ಟೆಯ ಮೇಲಿಟ್ಟು, "ನಮ್ಮ ಅಂಗಡೀಲಿ ಮಾಡಿದ್ದು, ಇನ್ನು ಕೆಡಲ್ಲ" ಎನ್ನುತ್ತಿದ್ದ. ಸುಳ್ಳೇನೂ ಅಲ್ಲ. ಆದರೆ ಆ "ನಮ್ಮ" ಎಂಬ ಮಾತಿನೊಳಗೆ ತಾನು ಎಷ್ಟು ವರ್ಷದಿಂದ ಅಡಗಿ ಕೂತಿದ್ದೇನೆಂದು ಅವಳಿಗೇ ಲೆಕ್ಕ ತಪ್ಪಿತ್ತು.

ಹೀಗಿರುವಾಗ ಒಂದು ದಿನ ರುಫಿನೋ ಟಿಕೋನಾ ಬಂದ. ಕುಂಬಿಯಾ ಎಂಬ ಕುಣಿತದ ಹಾಡಿನ ತಂಡವೊಂದರಲ್ಲಿ ಗಿಟಾರು ನುಡಿಸುವವನು. ಅವನ ಗಿಟಾರು ಅಳುತ್ತದೆ ಎಂದೇ ಜನ ಅವನನ್ನು ಮದುವೆಗೆ ಕರೆಯುತ್ತಿದ್ದರು. ಹೆಣ್ಣಿನ ಕಡೆಯವರ ಕಣ್ಣಲ್ಲಿ ಅವನು ನೀರು ತರಿಸದಿದ್ದರೆ ಮದುವೆ ಆಯಿತು ಎಂದೇ ಲೆಕ್ಕವಿಲ್ಲ. ಅವನ ಹಳೆಯ ವಾಲ್ವ್ ಆಂಪ್ಲಿಫೈಯರು, ಗಾಜಿನ ಬುರುಡೆಗಳು ಕಾದು ಸದ್ದು ಹಿಗ್ಗಿಸುವ ಪೆಟ್ಟಿಗೆ, ಲಾರಿಯ ಮೇಲಿನಿಂದ ಜಾರಿ ಹೊಳೆಗೆ ಬಿದ್ದಿತ್ತು. ಅಂದಿನಿಂದ ಗಿಟಾರಿನ ತಂತಿಯನ್ನು ನೇರವಾಗಿ ಮೈಕಿನವನ ಪೆಟ್ಟಿಗೆಗೆ ಸಿಕ್ಕಿಸಿಕೊಂಡು ನುಡಿಸುತ್ತಿದ್ದ.

"ತಗಡಿನ ಡಬ್ಬೀಲಿ ಸೊಳ್ಳೆ ಬಿಟ್ಟ ಹಾಗೆ ಕೇಳತ್ತೆ ಮೇಸ್ತ್ರಿ," ಎಂದ ರುಫಿನೋ. "ಕೀಬೋರ್ಡಿನೋನು ನನ್ನ ಜಾಗ ತಿಂದು ಹಾಕ್ತಿದಾನೆ. ಹೊಳೆಯಿಂದ ಎತ್ತಿದೀವಿ ಅದನ್ನ. ಏನಾದ್ರೂ ಮಾಡಕ್ಕಾಗತ್ತಾ?"

ಇಲಾರಿಯೋ ಕೆಸರು ಮೆತ್ತಿದ ಪೆಟ್ಟಿಗೆಯನ್ನು ಅಲ್ಲಾಡಿಸಿ ನೋಡಿದ. ಒಳಗಿನಿಂದ ಕಲ್ಲು ಉರುಳಿದ ಸದ್ದು ಬಂತು. ಹೂತುಬಿಡುವುದೇ ಮೇಲು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ನೀಲಿ ಪರದೆ ಮಾತಾಡಿತು.

"ಹೊಸದೇ ಮಾಡ್ಕೊಡ್ತೀನಿ ಮಾವ."

ಕಟ್ಟೆಯ ಆಚೀಚೆಯ ಇಬ್ಬರೂ ತಿರುಗಿ ನೋಡಿದರು. ಪರದೆ ಹಿಂದಿನಿಂದ ಮಾತು ಬಂದದ್ದು ಅದೇ ಮೊದಲು.

ಆ ಚಳಿಗಾಲವಿಡೀ ಅವಳು ಅದನ್ನು ಕಟ್ಟಿದಳು. ವಾಲ್ವುಗಳನ್ನು ಸಂತೆಯ ಗುಜರಿ ಸಾಲಿನಲ್ಲಿ ಹುಡುಕಿದಳು; ಯಾವುದೋ ಗಣಿಯ ಹಳೆಯ ರೇಡಿಯೋ ಕೇಂದ್ರದಿಂದ ಬಂದವು. ಟ್ರಾನ್ಸ್‌ಫಾರ್ಮರಿನ ತಾಮ್ರದ ತಂತಿಯನ್ನು ಕೈಯಲ್ಲೇ ಸುತ್ತಿದಳು. ಅಜ್ಜಿಯ ಜೊತೆ ಕೂತು ಉಣ್ಣೆ ನೂತ ಬೆರಳುಗಳು ಅವು, ಒಂದು ಸುತ್ತು ಇನ್ನೊಂದರ ಮೇಲೆ ಹತ್ತುತ್ತಿರಲಿಲ್ಲ. ಸ್ವರವನ್ನು ಹರಿದು ಒರಟು ಮಾಡುವ ಡಿಸ್ಟಾರ್ಷನ್ ಪೆಡಲನ್ನು ಸಾರ್ಡೀನ್ ಮೀನಿನ ಖಾಲಿ ಡಬ್ಬಿಯೊಳಗೆ ಕೂರಿಸಿದಳು. ಎಷ್ಟು ತೊಳೆದರೂ ಅದರ ವಾಸನೆ ಹೋಗಲಿಲ್ಲ ಎನ್ನುವುದು ಬೇರೆ ಮಾತು.

ಸ್ಪೀಕರಿಗೆ ಬಲ ಕೊಡುವ ದೊಡ್ಡ ವಾಲ್ವು ನಾಲ್ಕು ಹಾಕಿದಳು. "ಎರಡು ಸಾಕಲ್ವಾ ಮಗಳೇ?" ಎಂದ ಅಪ್ಪ. "ಮಾವ ಬೀದೀಲಿ ನುಡಿಸ್ಬೇಕಪ್ಪ, ಅಡುಗೆಮನೇಲಲ್ಲ" ಎಂದಳು. ಮೊದಲ ಸಲ ಸ್ವಂತದ್ದೊಂದು ಮಾಡುವವರಿಗೆ ಕಡಿಮೆ ಎನ್ನುವುದು ಹಿಡಿಸುವುದಿಲ್ಲ. ಪೆಟ್ಟಿಗೆಯ ಮುಂದೆ ಹೆಸರಿಗೆಂದು ಒಂದು ಮರದ ಪಟ್ಟಿ ಬಿಟ್ಟಿದ್ದಳು. ಏನು ಬರೆಯೋಣ ಎಂದು ಅಪ್ಪ ಕೇಳಿದ.

"ರುಫಿನೋ ಮಾವ ಇದನ್ನ ಹೊತ್ಕೊಂಡು ಗೇಟು ದಾಟ್ಲಿ. ಆಮೇಲೆ ನೋಡೋಣ."

ಬಾಯಲ್ಲಿ ಇಷ್ಟೇ ಹೇಳಿದ್ದು. ಅವನು ಅದನ್ನು ಬಿಟ್ಟು ಬರಿಗೈಯಲ್ಲಿ ಗೇಟು ದಾಟಿದರೆ ತಾನು ಪರದೆಯ ಹಿಂದೆ ಹೋಗುವುದು, ಇನ್ನೆಂದೂ ಅಲ್ಲಿಂದ ಬಾಯಿ ಬಿಡದಿರುವುದು ಎಂದು ಮನಸ್ಸಿನಲ್ಲಿ ನಿಶ್ಚಯ ಮಾಡಿದ್ದಳು.

ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಅಂಗಳದಲ್ಲಿ ಪರೀಕ್ಷೆ. ನಮ್ಮಲ್ಲಿ ಹೊಸದು ಏನೇ ಬಂದರೂ, ಮನೆಯಾಗಲಿ ಲಾರಿಯಾಗಲಿ ಹೊಲಿಗೆ ಯಂತ್ರವಾಗಲಿ, ಅದಕ್ಕೊಬ್ಬ ಮದ್ರೀನಾ ಬೇಕು, ಧರ್ಮದ ತಾಯಿ. ಅವಳು ಬಿಯರು ಚಿಮುಕಿಸಿ, ಬಣ್ಣದ ಕಾಗದದ ಚೂರು ಎರಚಿ, ಭೂತಾಯಿ ಪಾಚಮಾಮಾಳಿಗೆ ಮೊದಲ ಗುಟುಕು ಕೊಟ್ಟ ಮೇಲೆಯೇ ಅದು ನಮ್ಮದಾಗುವುದು. ಮದ್ರೀನಾ ಆಗಲು ಆಲೂಗಡ್ಡೆ ಮಾರುವ ನಿಕಾಸಿಯಾ ಒಪ್ಪಿದ್ದಳು. ಬಾಸಿಲಿಯಾ ಅವಳಿಗೆ ಹಿಂದಿನ ದಿನವೇ ಹೇಳಿಬಂದಿದ್ದಳು: ಚಿಮುಕಿಸುವುದು ಸ್ವಿಚ್ ಹಾಕುವ ಮೊದಲು, ಪೆಟ್ಟಿಗೆಯ ಮೂಲೆಗಳಿಗೆ ಮಾತ್ರ, ಕಾದ ವಾಲ್ವಿನ ಮೇಲೆ ತಣ್ಣಗಿನದು ಬಿದ್ದರೆ ಗಾಜು ಒಡೆಯುತ್ತದೆ. ನಿಕಾಸಿಯಾ ಪ್ರತಿ ಮಾತಿಗೂ ಹೂಂ ಹೂಂ ಎಂದಿದ್ದಳು.

ಅಕ್ಕಪಕ್ಕದವರೆಲ್ಲ ಬಂದು ಕೂತರು. ನಿಕಾಸಿಯಾಳ ಸುಳಿವಿಲ್ಲ. ರುಫಿನೋಗೆ ತಡೆಯಲಾಗಲಿಲ್ಲ.

"ಒಂದೇ ಒಂದು ತಂತಿ ಮೀಟಿ ಬಿಡ್ತೀನಿ ಮಗಳೇ. ಅವಳು ಬರೋದು ಸಂಜೆಗೇ."

ಸ್ವಿಚ್ ಹಾಕಿದರು. ವಾಲ್ವುಗಳು ನಿಧಾನವಾಗಿ ಕೆಂಪಗಾದವು. ಇಲಾರಿಯೋ ಎದ್ದು ಅವುಗಳ ಹತ್ತಿರ ಹೋಗಿ ಅಂಗೈ ಕಾಯಿಸಿಕೊಂಡ. ರುಫಿನೋ ಮೀಟಿದ. ಸದ್ದು ಎದೆಗೆ ಬಂದು ಗುದ್ದಿತು; ಮಾಳಿಗೆಗಳ ಮೇಲಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು. ಪೆಡಲು ಒತ್ತಿದ. ಸ್ವರದ ಮೇಲೆ ಮರಳು ಎರಚಿದಂತಾಯಿತು, ಸ್ವರ ಬೇರೆ, ಮರಳು ಬೇರೆ. ಇನ್ನೊಂದು ಹಾಡು ನುಡಿಸಿದ. ನಿಲ್ಲಿಸಿದ.

"ಚೆನ್ನಾಗಿದೆ ಮಗಳೇ. ಗಟ್ಟಿಯಾಗಿದೆ."

ಸಾರು ಸಪ್ಪೆಯಾಗಿದ್ದರೆ "ಬಿಸಿಯಾಗಿದೆ" ಎಂದು ಹೊಗಳುವ ಊರು ನಮ್ಮದು. ಬಾಸಿಲಿಯಾ ಅವನ ಎದುರಿಗೆ ಬಂದು ನಿಂತಳು.

"ಏನು ಕಮ್ಮಿ? ಬಾಯ್ಬಿಟ್ಟು ಹೇಳಿ ಮಾವ."

ರುಫಿನೋ ಗಿಟಾರಿನ ಕತ್ತು ಸವರಿದ. "ಕೂಗತ್ತೆ ಮಗಳೇ ಇದು. ಅಳಲ್ಲ."

ಅವಳು ಪೆಟ್ಟಿಗೆಯ ಗುಂಡಿಗಳ ಕಡೆ ಬಗ್ಗುತ್ತಿರುವಾಗಲೇ ಗೇಟು ದಡಾರನೆ ತೆರೆಯಿತು. ನಿಕಾಸಿಯಾ ಬಂದಳು. ಕಂಕುಳಲ್ಲಿ ಹುರಿದ ಹಂದಿಮಾಂಸದ ಬುಟ್ಟಿ, ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಬಾಟಲಿಗಳು, ಕೂದಲಲ್ಲಿ ಆಗಲೇ ಬೇರೆ ಯಾರದೋ ನಾಮಕರಣದ ಕಾಗದದ ಚೂರುಗಳು.

"ನಾನಿಲ್ದೇನೇ ಶುರು ಹಚ್ಕೊಂಡ್ರಾ? ಪಾಚಮಾಮಾಗೆ ಒಂದು ತೊಟ್ಟೂ ಕೊಡ್ದೇನಾ? ಮತ್ತೆ ಹೇಗೆ ಅಳತ್ತೆ ಅದು?"

ಮಾತು ಮುಗಿಯುವ ಮೊದಲೇ ಅವಳು ಬಾಟಲಿಯನ್ನು ಕುಲುಕಿ ಹೆಬ್ಬೆರಳು ಸಡಿಲಿಸಿದ್ದಳು. ಬಾಸಿಲಿಯಾ ಅಡ್ಡ ಹಾರಿದಳು, ಸಿಗಲಿಲ್ಲ. ನೊರೆ ಚಿಮ್ಮಿ ಪೆಟ್ಟಿಗೆಯ ಹಿಂಬದಿಗೆ ನುಗ್ಗಿತು. ಚುಸ್ಸೆಂದಿತು. ಆಮೇಲೆ ಗಾಜು ಚಟ್ಟೆಂದಿತು. ಬಾಸಿಲಿಯಾ ಪ್ಲಗ್ಗು ಎಳೆದು ಬಿಸಾಡಿದಳು.

ನಿಕಾಸಿಯಾ ಅಲ್ಲೇ ನೆಲಕ್ಕೆ ಕುಸಿದು ಕೂತಳು.

"ಲಾರಿಗೆ ಹಾಕೋ ಹಾಗೇ ಹಾಕ್ಬಿಟ್ನಲ್ಲೇ ತಾಯಿ," ಎಂದಳು. "ನೀನು ಹೇಳಿದ್ದೆ. ಹೇಳಿದ್ದೆ ನೀನು."

ಬಾಸಿಲಿಯಾಳಿಗೆ ಸಿಟ್ಟು ನೆತ್ತಿಗೇರಿತು. ನಿಕಾಸಿಯಾಳ ಮೇಲೆ ಬಂತು, ಕಾಯಲಾರದ ರುಫಿನೋನ ಮೇಲೆ ಬಂತು, ಸ್ವಿಚ್ ಹಾಕಲು ಬಿಟ್ಟ ತನ್ನ ಮೇಲೆ ಎಲ್ಲಕ್ಕಿಂತ ಹೆಚ್ಚಾಗಿ ಬಂತು. ರುಫಿನೋ ಆಗಲೇ ಗಿಟಾರನ್ನು ಚೀಲಕ್ಕೆ ಇಳಿಸುತ್ತಿದ್ದ. "ಇನ್ನೊಂದಿನ ನೋಡೋಣ ಬಿಡು ಮಗಳೇ" ಎಂದ. ಅಪ್ಪ ಎದ್ದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ.

"ಒಳಗೆ ತಗೊಂಡು ಹೋಗೋಣ ಬಾ. ಪರದೆ ಹಾಕ್ಕೊಂಡು ನೋಡೋಣ."

"ಬೇಡಪ್ಪ," ಎಂದಳು ಬಾಸಿಲಿಯಾ. "ಇಲ್ಲೇ ಮಾಡ್ತೀನಿ."

ಹ್ಯಾಟು ತೆಗೆದು ಗೋಡೆಯ ಮೇಲಿಟ್ಟಳು. ಪೆಟ್ಟಿಗೆಯೊಳಗೆ ಉಳಿದ ವಿದ್ಯುತ್ತು ಇಳಿಯುವವರೆಗೆ ಕಾದಳು. ನಿಕಾಸಿಯಾಳ ಬಟ್ಟೆಯ ಗಂಟಿನಲ್ಲಿ ಶುದ್ಧ ಮದ್ಯಸಾರದ ಬಾಟಲಿಯೊಂದಿತ್ತು, ಅದೂ ಪಾಚಮಾಮಾಳಿಗೇ ತಂದದ್ದು. ಅದನ್ನು ಬಟ್ಟೆಗೆ ಸುರಿದುಕೊಂಡು ಒಳಗಿನ ಬಿಯರನ್ನೆಲ್ಲ ಒರೆಸಿದಳು. ಆಮೇಲೆ ಪೆಟ್ಟಿಗೆಯನ್ನು ಬಿಸಿಲಿಗೆ ತಿರುಗಿಸಿಟ್ಟಳು. ನಮ್ಮ ಎತ್ತರದ ಬಿಸಿಲು ಒದ್ದೆ ಕಂಬಳಿಯನ್ನೇ ನೋಡುನೋಡುತ್ತ ಒಣಗಿಸುತ್ತದೆ. ಜನ ಹಂದಿಮಾಂಸ ತಿನ್ನುತ್ತ, ಅಪಶಕುನವೋ ಅಲ್ಲವೋ ಎಂದು ಪಿಸುಗುಡುತ್ತ ಕಾದರು. ಯಾರೂ ಎದ್ದುಹೋಗಲಿಲ್ಲ, ಮಾಂಸ ಇನ್ನೂ ಇತ್ತಲ್ಲ.

ಒಣಗಿದ ಮೇಲೆ ಒಡೆದ ವಾಲ್ವನ್ನು ಬಟ್ಟೆಯಲ್ಲಿ ಹಿಡಿದು ಕಿತ್ತಳು. ಆಚೆ ಬದಿಯಲ್ಲಿದ್ದ ಇನ್ನೊಂದನ್ನೂ ಕಿತ್ತಳು.

"ಅದು ಚೆನ್ನಾಗೇ ಇತ್ತಲ್ಲೇ," ಎಂದಳು ನಿಕಾಸಿಯಾ, ಅಳುವ ದನಿಯಲ್ಲಿ.

"ಒಂದು ಕಡೆ ಎರಡೆತ್ತು, ಇನ್ನೊಂದು ಕಡೆ ಒಂದೇ ಎತ್ತು ಕಟ್ಟಿದ್ರೆ ನೇಗಿಲು ನೆಟ್ಟಗೆ ಹೋಗತ್ತಾ ಮದ್ರೀನಾ?"

ಸ್ಪೀಕರಿನ ತಂತಿಯನ್ನು ಎರಡು ವಾಲ್ವಿಗೆ ಒಪ್ಪುವ ಜಾಗಕ್ಕೆ ಬದಲಾಯಿಸುತ್ತಿರುವಾಗ ಅವಳ ಕೈ ತಟಕ್ಕನೆ ನಿಂತಿತು. ತಿರುಗಿ ರುಫಿನೋನನ್ನು ನೋಡಿದಳು.

"ನಿಮ್ಮ ಹಳೇದ್ರ ಹಿಂದೆ ದೊಡ್ಡ ವಾಲ್ವು ಎಷ್ಟು ಉರೀತಿತ್ತು ಮಾವ?"

"ನಾನೇನು ಬಗ್ಗಿ ನೋಡಿದೋನಾ? ಎರಡು ದೀಪ ಕಾಣ್ತಿತ್ತಪ್ಪ."

ಬಾಸಿಲಿಯಾಳಿಗೆ ಎಲ್ಲ ಅರ್ಥವಾಯಿತು. ನಾಲ್ಕು ವಾಲ್ವಿನ ಬಲವನ್ನು ದಣಿಸಲು ರುಫಿನೋನ ಬೆರಳು ಎಷ್ಟು ಒತ್ತಿದರೂ ಸಾಲುತ್ತಿರಲಿಲ್ಲ. ಪೆಡಲು ಎಷ್ಟೇ ಕೆಣಕಿದರೂ ಅವು ಜಗ್ಗುತ್ತಿರಲಿಲ್ಲ. ಸೋಲುವ ಹಂತಕ್ಕೆ ಬಂದಾಗಲೇ ವಾಲ್ವು ಬಿಕ್ಕುವುದು. ಅವಳು ಅಪ್ಪನ ಕಡೆ ನೋಡಿದಳು. ಎರಡು ಸಾಕು ಎಂದಿದ್ದ ಮನುಷ್ಯ ಪಕ್ಕದ ಮನೆಯ ತಗಡಿನ ಸೂರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ನಾನು ಹೇಳಿರಲಿಲ್ಲವೇ ಎನ್ನದ ಇದೊಂದಕ್ಕೆ ಅವಳು ಅಪ್ಪನಿಗೆ ಜೀವನಪೂರ್ತಿ ಋಣಿ.

"ನುಡಿಸಿ ಮಾವ," ಎಂದಳು. "ಸದ್ದಿನ ಗುಂಡಿ ಪೂರ್ತಿ ತಿರುಗಿಸಿದೀನಿ. ಮೆತ್ತಗೆ ಶುರು ಮಾಡಿ."

ಎರಡೇ ವಾಲ್ವು ಕೆಂಪಗಾದವು. ರುಫಿನೋ ಸಾರ್ಡೀನ್ ಡಬ್ಬಿಯನ್ನು ಒತ್ತಿ ಒಂದೇ ಸ್ವರ ಎಳೆದ. ಸ್ವರ ನಿಂತಿತು. ನಿಂತು ನಿಂತು ಅಂಚಿನಲ್ಲಿ ಬಿರುಕು ಬಿಟ್ಟಿತು, ಗಂಟಲು ಕಟ್ಟಿದವರ ಮಾತು ಒಡೆಯುವ ಹಾಗೆ. ಸ್ವರ ಯಾವುದು, ಮರಳು ಯಾವುದು ಎಂದು ಈಗ ಬೇರ್ಪಡಿಸಲು ಬರುವಂತಿರಲಿಲ್ಲ. ರುಫಿನೋ ಕಣ್ಣು ಮುಚ್ಚಿಕೊಂಡು, ಎಷ್ಟೋ ಮದುವೆಗಳಲ್ಲಿ ನುಡಿಸಿದ ತನ್ನ ಹಾಡನ್ನು ಶುರುಮಾಡಿದ. ನಾಯಿಗಳು ಈ ಸಲ ಬೊಗಳಲಿಲ್ಲ, ಊಳಿಟ್ಟವು. ನಿಕಾಸಿಯಾ ಮಾತು ನಿಲ್ಲಿಸಿದ್ದನ್ನು ನಮ್ಮ ಬೀದಿ ಮೊದಲ ಸಲ ಕಂಡಿತು. ಬಾಸಿಲಿಯಾ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಅದು ದುಃಖದ ನೀರಲ್ಲ.

"ಬೀದಿಗೆ ಸಾಕಾಗತ್ತಾ ಸದ್ದು? ಅರ್ಧ ಬಲ ಹೋಯ್ತಲ್ಲ," ಎಂದ ರುಫಿನೋ ಕೊನೆಗೆ.

"ಬಲ ಅರ್ಧ ಆದ್ರೆ ಸದ್ದು ಅರ್ಧ ಆಗಲ್ಲ ಮಾವ. ಒಂಚೂರು ಇಳಿಯತ್ತೆ, ಅಷ್ಟೇ."

ನಂಬದೆ, ಎಷ್ಟು ಕೇಳುತ್ತದೆ ನೋಡಿ ಬರಲು ನಿಕಾಸಿಯಾಳನ್ನು ಬೀದಿಯ ತುದಿಗೆ ಓಡಿಸಿ ರುಫಿನೋ ಮತ್ತೆ ನುಡಿಸಿದ. ಅವಳು ಏದುಸಿರು ಬಿಡುತ್ತ ವಾಪಸು ಬಂದಳು.

"ಕೋಳಿ ಅಂಗಡಿಯೋನು ಕತ್ತಿ ಹಿಡ್ಕೊಂಡೇ ಕುಣೀತಿದಾನೆ. ನೋಡಿದ್ರಾ? ಪಾಚಮಾಮಾ ತನ್ನ ಪಾಲು ತಾನೇ ಕುಡಿದ್ಲು. ಅದಕ್ಕೇ ಅತ್ತಿದ್ದು."

ಜನ ಹೌದು ಹೌದು ಎಂದು ತಲೆಯಾಡಿಸಿದರು. ರುಫಿನೋ ವಾಡಿಕೆಯಂತೆ ಇಲಾರಿಯೋನ ಕಡೆ ತಿರುಗಿದ. "ನಿಮ್ಮ ಅಂಗಡಿ ಕೆಲಸ ಅಂದ್ರೆ ಕೆಲಸ ಮೇಸ್ತ್ರಿ." ಬಾಸಿಲಿಯಾ ಹ್ಯಾಟು ಎತ್ತಿಕೊಂಡು ತಲೆಗಿಟ್ಟಳು. ಅಪ್ಪನ ಮುಂದಿನ ಮಾತು, "ನಮ್ಮ ಅಂಗಡೀಲಿ ಮಾಡಿದ್ದು" ಎನ್ನುವುದು, ಅವಳಿಗೆ ಬಾಯಿಪಾಠವಾಗಿತ್ತು.

ಇಲಾರಿಯೋ ಆ ಮಾತು ಹೇಳಲಿಲ್ಲ. ಒಳಗೆ ಹೋದ. ನೀಲಿ ಪರದೆ ಸರಿದ ಸದ್ದಾಯಿತು. ಉದ್ದನೆಯ ತಂತಿ ಎಳೆದುಕೊಂಡು, ಕಾದ ಬೆಸುಗೆ ಕಡ್ಡಿ ಹಿಡಿದು ಹೊರಗೆ ಬಂದ. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು, ಖಾಲಿ ಮರದ ಪಟ್ಟಿಯ ಮೇಲೆ ಅಕ್ಷರಗಳನ್ನು ಸುಡತೊಡಗಿದ. ತೆಳ್ಳಗೆ ಹೊಗೆ ಎದ್ದಿತು. ಶಾಲೆಯನ್ನು ಬೇಗ ಬಿಟ್ಟವನ ಅಕ್ಷರ, ಒಂದು ಮೇಲೆ, ಒಂದು ಕೆಳಗೆ. ಜನ ಕತ್ತು ಚಾಚಿ ಓದಿದರು: ಬಾಸಿಲಿಯಾ.

"ಚುಕಿಮಿಯಾ ಅಂತ ಸೇರಿಸಿ ಮೇಸ್ತ್ರಿ," ಎಂದ ರುಫಿನೋ. "ಜಾಗ ಇದೆಯಲ್ಲ."

"ಚುಕಿಮಿಯಾ ಅಂದ್ರೆ ನಾನು," ಎಂದ ಇಲಾರಿಯೋ, ಅಕ್ಷರಗಳ ಮೇಲಿನ ಕರಿ ಊದುತ್ತ. "ಇದನ್ನ ನಾನು ಮಾಡಿಲ್ಲ."

ಬಾಸಿಲಿಯಾ ಅಲ್ಲೇ ನಿಂತಿದ್ದಳು. ಹೆಮ್ಮೆಯಿಂದ ಅವಳ ಮುಖ ಸುಡುತ್ತಿತ್ತು, ಅದನ್ನು ಎಲ್ಲಿ ಬಚ್ಚಿಡುವುದೋ ಅವಳಿಗೆ ತಿಳಿಯಲಿಲ್ಲ. ಬಚ್ಚಿಡಲು ಪರದೆ ದೂರದಲ್ಲಿತ್ತು.

ರುಫಿನೋ ಗಿಟಾರನ್ನು ಬೆನ್ನಿಗೇರಿಸಿ ಪೆಟ್ಟಿಗೆಯನ್ನು ಎದೆಗೆತ್ತಿಕೊಂಡ. ಗೇಟಿನವರೆಗೆ ಹೋಗಿ ನಿಂತ, ಏನೋ ನೆನಪಾದವನಂತೆ ಅದನ್ನು ಕೆಳಗಿಟ್ಟು ಹಿಂದುಮುಂದು ತಿರುಗಿಸಿದ. ಮತ್ತೆ ಎತ್ತಿಕೊಂಡಾಗ ಹೆಸರಿನ ಪಟ್ಟಿ ಬೀದಿಯ ಕಡೆಗಿತ್ತು. ಹಾಗೆಯೇ ಹೊತ್ತುಕೊಂಡು ಗೇಟು ದಾಟಿದ.