ಐದು ತಗಡು, ಒಂದೇ ಅಳತೆ

ಶರಣಪ್ಪ, ಆ ದಿನ ಅಚ್ಚು ಒಡೆದದ್ದು ನಿಮ್ಮಿಂದಲ್ಲ, ನನ್ನಿಂದ. ನಾನು ಆ ತಗಡನ್ನು ಅಳೆದೇ ಇರಲಿಲ್ಲ.

ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಓದುವ ಬೇರೆಯವರಿಗೂ ತಿಳಿಯಲಿ. ಎಪ್ಪತ್ತರ ದಶಕದ ಕೊನೆ, ಥಾಣೆಯಲ್ಲಿ ತಗಡನ್ನು ಅಚ್ಚಿನಲ್ಲಿ ಒತ್ತಿ ಸೀಮೆಎಣ್ಣೆ ಸ್ಟೋವಿನ ಟ್ಯಾಂಕು ಮಾಡುವ ಕಾರ್ಖಾನೆ. ಉಡುಪಿ ಕಡೆಯ ನಾನು ಅಲ್ಲಿ ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್. ಕಲಬುರಗಿಯ ನೀವು ಪ್ರೆಸ್ಸಿನಲ್ಲಿ ಬದಲಿ ಕೆಲಸಗಾರ — ಆ ತಿಂಗಳು ಕಳೆದರೆ ಪರ್ಮನೆಂಟ್. ಉಕ್ಕಿನ ತಗಡು ಕಟ್ಟುಕಟ್ಟಾಗಿ ಬರುತ್ತಿತ್ತು. ಕಣ್ಣಿಗೆ ಎಲ್ಲ ಒಂದೇ. ಆದರೆ ಕೂದಲೆಳೆಯಷ್ಟು ದಪ್ಪವಾದರೂ ಅಚ್ಚಿನೊಳಗೆ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಹರಿಯುತ್ತದೆ. ಅದಕ್ಕೇ ಪ್ರತಿ ಕಟ್ಟಿನಲ್ಲಿ ಐದು ತಗಡನ್ನು ಮೈಕ್ರೋಮೀಟರ್ ಹಿಡಿದು ಅಳೆಯಬೇಕೆಂಬ ನಿಯಮ. ನಾನು ಮೇಲಿನದೊಂದನ್ನೇ ಅಳೆಯುತ್ತಿದ್ದೆ. ರಿಜಿಸ್ಟರಿನ ಉಳಿದ ನಾಲ್ಕು ಸಾಲಿಗೆ ಅಂಕಿಯ ಕೆಳಗೆ ಎರಡೆರಡು ಪುಟ್ಟ ಗೀಟು — ಅಂದರೆ ‘ಮೇಲಿನಂತೆಯೇ’. ಸೋಮಾರಿತನ, ಮತ್ತೇನಲ್ಲ.

ಆ ಬೆಳಿಗ್ಗೆ ನೀವು ಒಂದು ತಗಡಿನ ಅಂಚನ್ನು ಹೆಬ್ಬೆರಳಲ್ಲಿ ಸವರುತ್ತಾ ನನ್ನ ಮೇಜಿಗೆ ಬಂದಿರಿ.

“ಸಾಹೇಬ್ರ, ಇದು ಯಾಕೋ ದಪ್ಪ ಅನಸ್ತದ. ಒಮ್ಮಿ ಅಳದು ನೋಡ್ರಿ.”

“ನಿಮ್ಮ ಬೆರಳೇನು ಮೈಕ್ರೋಮೀಟರಾ ಮಾರಾಯ್ರೆ? ಹೋಗಿ, ಕೆಲಸ ನೋಡಿ.”

ಸುತ್ತಲಿದ್ದವರು ನಕ್ಕರು. ನೀವೂ ನಕ್ಕಿರಿ.

ಅರ್ಧ ಗಂಟೆಯಲ್ಲಿ ಅಚ್ಚು ಸೀಳಿತು. ಫೋರ್‌ಮನ್ ನನ್ನ ರಿಜಿಸ್ಟರ್ ತರಿಸಿ ಕೇಳಿದ: “ಮಾಲ್ ಬರೋಬರ್ ಹೈ ಕ್ಯಾ?”

“ಬರೋಬರ್ ಹೈ,” ಅಂದೆ.

ಅಷ್ಟೇ. ತಗಡು ಸರಿಯಿದ್ದರೆ ತಪ್ಪು ಮೆಷಿನ್ ಸೆಟ್ ಮಾಡಿದ ನಿಮ್ಮದು ತಾನೇ? ಮರುದಿನ ನಿಮ್ಮನ್ನು ಗೇಟಿನೊಳಗೆ ಬಿಡಲಿಲ್ಲ. ಊಟದ ಬಿಡುವಿನಲ್ಲಿ ನಾನು ಅದೇ ಕಟ್ಟಿನ ಉಳಿದ ತಗಡುಗಳನ್ನು ಅಳೆದೆ. ದಪ್ಪವೇ ಇದ್ದವು. ಮೈಕ್ರೋಮೀಟರನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ಬಾಯಿಯನ್ನೂ.

ಆಮೇಲೆ ಸಿಕ್ಕಿಹಾಕಿಕೊಂಡವನು ನಾನು. ನಮ್ಮಿಬ್ಬರದೂ ಠಾಕುರ್ಲಿಯ ಒಂದೇ ಚಾಳು, ಆ ವಠಾರದಲ್ಲಿ ಎದುರುಬದುರು ಬಾಗಿಲು. ಬಾಗಿಲು ತೆರೆದರೆ ನೀವು, ಸ್ಟೇಷನ್ನಿಗೆ ಹೊರಟರೆ ನೀವು — ಕಲ್ಯಾಣದಲ್ಲಿ ಮೂಟೆ ಹೊರಲು ಹೋಗುವ ನೀವು. ಇವತ್ತು ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದೆ, ಹೇಳಿದರೆ ನನ್ನ ನೌಕರಿ — ಛೆ! ಆ ಚಾಳು ಬಿಡುವತನಕ ಎಂಟು ವರ್ಷ ಹೀಗೇ ಕಳೆದೆ.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಿಮ್ಮ ಕೊಡ ಸರಿಸಿ ನನ್ನ ಬಕೆಟ್ಟಿಗೆ ಜಾಗ ಮಾಡುತ್ತಾ ನೀವೇ ಆ ಮಾತು ತೆಗೆದಿರಿ. “ನೀವು ಅಳದು ರಿಜಿಸ್ಟರದಾಗ ಬರದಿದ್ರಿ ಅಂದಮ್ಯಾಲ ತಪ್ಪು ನಂದೇ ಇರಬೇಕ್ರಿ. ಈಗ ಈ ಕೈ ಮ್ಯಾಲ ನನಗ ನಂಬಿಕಿನೇ ಇಲ್ಲರಿ.”

ನಾನು ಬಕೆಟ್ ತುಂಬಿಸಿಕೊಂಡು ಒಳಗೆ ಹೋದೆ. ನಿಮ್ಮ ನೌಕರಿ ಕಳೆದದ್ದಕ್ಕಿಂತ ಈ ನಷ್ಟ ದೊಡ್ಡದು ಅಂತ ಆಗಲೇ ಗೊತ್ತಾಗಿತ್ತು — ಗೊತ್ತಾಗಿಯೂ ಹೋದೆ.

ನೀವೀಗ ಡೊಂಬಿವಲಿಯಲ್ಲಿ ಮಗಳ ಮನೆಯಲ್ಲಿದ್ದೀರಂತೆ. ಓದು ಬರುವುದಿಲ್ಲವೆಂದು ನೀವೇ ಹೇಳುತ್ತಿದ್ದಿರಿ. ಈ ಭಾನುವಾರ ನಾನೇ ಬಂದು, ನಿಮ್ಮ ಮಗಳ ಎದುರಿಗೇ ಇದನ್ನು ಓದಿ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಆ ತಗಡು ದಪ್ಪವೇ ಇತ್ತು, ಶರಣಪ್ಪ. ನಿಮ್ಮ ಕೈ ಬರೋಬರ್ ಇತ್ತು.